ನಾಳೆ ಯಾರಿಗೆ?

ಕನ್ನಡದಲ್ಲಿ 'ನಾಳೆ'ಗೆ ಕೆಲಸ ಜಾಸ್ತಿ. ದರ್ಜಿ 'ನಾಳೆ ಕೊಡ್ತೀನಿ' ಅಂದರೆ ಇವತ್ತಿಲ್ಲ ಎಂದಷ್ಟೇ ಅರ್ಥ. ಯಾವತ್ತು ಅನ್ನುವುದು ಅವನಿಗೂ ಗೊತ್ತಿರುವುದಿಲ್ಲ. 'ನಾಳೆ ನಮ್ಮನ್ನು ದೂರಬೇಡಿ' ಎನ್ನುವಾಗ ಅದು ಎಚ್ಚರಿಕೆ. ತೊಟ್ಟಿಲ ಕೂಸನ್ನು ತೋರಿಸಿ 'ನಾಳೆ ಇನ್ನೊಂದು ಮನೆ ಸೇರುವವಳು' ಎನ್ನುವಾಗ ಅದು ಇಪ್ಪತ್ತು ವರ್ಷದಾಚೆಯ ಮಾತು. ಗಲ್ಲಾಪೆಟ್ಟಿಗೆಯ ಮೇಲೆ 'ಇಂದು ನಗದು, ನಾಳೆ ಸಾಲ' ಎಂದು ಬರೆಸಿದ ಅಂಗಡಿಯವನು ಸಾಲ ಕೊಡುವುದಿಲ್ಲ ಎನ್ನುವುದನ್ನೇ ಮರ್ಯಾದೆಯಾಗಿ ಹೇಳಿರುತ್ತಾನೆ. ನಾಡಿದ್ದು, ಆಚೆ ನಾಡಿದ್ದು ಎಂಬ ಮಾತುಗಳಿಗೆ ಇಷ್ಟು ಸಡಿಲವಿಲ್ಲ. ಅವು ಬೆರಳು ಮಡಚಿ ಎಣಿಸುವ ದಿನಗಳು. ಎಲ್ಲಕ್ಕಿಂತ ಹತ್ತಿರದ ನಾಳೆಯೇ ಕೈಗೆ ಸಿಗದ್ದು.

ಚರ್ಚಿನ ಬೆಂಚುಗಳ ಮೇಲೆ ಈ ಪದ ಇನ್ನೂ ಸಲೀಸು. ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಆರಾಧನೆಯಲ್ಲಿ ಕೂತು ಹೊಸ ವರ್ಷದಿಂದ ಕುಡಿತ ಬಿಡುವವರಿದ್ದಾರೆ. ವಿಭೂತಿ ಬುಧವಾರದಿಂದ ಸಿಟ್ಟು ಬಿಡುವವರಿದ್ದಾರೆ. ಮಗಳ ಮದುವೆ ಮುಗಿದ ಮೇಲೆ ತಮ್ಮನ ಜೊತೆ ರಾಜಿಯಾಗುವವರಿದ್ದಾರೆ. ಯಾರೂ ದೇವರಿಗೆ ಇಲ್ಲ ಎನ್ನುವುದಿಲ್ಲ. ಇಲ್ಲ ಎಂದರೆ ವಾದಕ್ಕೆ ನಿಲ್ಲಬೇಕು, ಕಾರಣ ಕೊಡಬೇಕು. ನಾಳೆ ಎಂದರೆ ಆ ಗೋಜೇ ಇಲ್ಲ. ಒಪ್ಪಿಕೊಂಡ ಸಮಾಧಾನವೂ ಸಿಕ್ಕಿತು, ಹಳೆಯ ಚಾಳಿಯೂ ಉಳಿಯಿತು.

ಪ್ರಸಂಗ ಮಾಡುವವರಿಗೆ ಪ್ರಿಯವಾದ ಒಂದು ನಾಳೆ ವಿಮೋಚನಕಾಂಡದ ಎಂಟನೆಯ ಅಧ್ಯಾಯದಲ್ಲಿದೆ. ಐಗುಪ್ತದ ತುಂಬ ಕಪ್ಪೆ. ಮಂಚದ ಮೇಲೆ, ಒಲೆಯೊಳಗೆ, ಹಿಟ್ಟು ನಾದುವ ಪಾತ್ರೆಯಲ್ಲಿ, ಎಲ್ಲೆಂದರಲ್ಲಿ. ಸಾಕಾಗಿಹೋದ ಫರೋಹ ಮೋಶೆಯನ್ನು ಕರೆಸಿ, ಇವನ್ನು ತೊಲಗಿಸುವಂತೆ ನಿನ್ನ ದೇವರನ್ನು ಬೇಡಿಕೋ ಎನ್ನುತ್ತಾನೆ. ಯಾವಾಗ ಬೇಡಲಿ, ಸಮಯ ನೀನೇ ಹೇಳು ಎಂದು ಮೋಶೆ ಕೇಳುತ್ತಾನೆ. ರಾಜನ ಬಾಯಲ್ಲಿ ಬಂದದ್ದು: ನಾಳೆ! ಹಾಸಿಗೆಯಲ್ಲಿ ಕಪ್ಪೆ ಇಟ್ಟುಕೊಂಡು ಇನ್ನೊಂದು ರಾತ್ರಿ ಮಲಗಲು ತಯಾರಾದನೇ ಹೊರತು 'ಈಗಲೇ' ಎಂದು ಬೇಡಲು ಅವನಿಂದ ಆಗಲಿಲ್ಲ. ಯಾಕೆ ಎಂದು ಬೈಬಲು ಹೇಳುವುದಿಲ್ಲ. ಈಗಲೇ ಎಂದುಬಿಟ್ಟರೆ ಸೋತದ್ದನ್ನೂ ಈಗಲೇ ಒಪ್ಪಿಕೊಳ್ಳಬೇಕಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಈ ಪದದ ಕಾಟವನ್ನು ಒಳಗಿನಿಂದ ಬಲ್ಲವನು ಸಂತ ಅಗಸ್ಟೀನ. 354ರಲ್ಲಿ ಉತ್ತರ ಆಫ್ರಿಕಾದ ತಗಾಸ್ತೆಯಲ್ಲಿ, ಎಂದರೆ ಈಗಿನ ಅಲ್ಜೀರಿಯಾದಲ್ಲಿ, ಹುಟ್ಟಿದವನು. ಅವನ ಕಾಲಕ್ಕೆ ಮುಂದೂಡುವುದು ಒಂದು ಪದ್ಧತಿಯೇ ಆಗಿತ್ತು. ದೀಕ್ಷಾಸ್ನಾನದ ನಂತರ ಮಾಡಿದ ಪಾಪದ ಭಾರ ಹೆಚ್ಚೆಂಬ ಭಯದಿಂದ ಎಷ್ಟೋ ಜನ ಅದನ್ನು ಕೊನೆಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಕಾನ್‌ಸ್ಟಂಟೈನ್ ಚಕ್ರವರ್ತಿ ಅದನ್ನು ಪಡೆದದ್ದು 337ರಲ್ಲಿ, ಸಾವು ಹತ್ತಿರ ಬಂದಾಗ. ಬಾಲಕ ಅಗಸ್ಟೀನನಿಗೆ ಹೊಟ್ಟೆನೋವು ಜೋರಾಗಿ ಜೀವಕ್ಕೆ ಕುತ್ತು ಬಂದಾಗ ತಾಯಿ ಮೋನಿಕಾ ಗಡಿಬಿಡಿಯಲ್ಲಿ ದೀಕ್ಷಾಸ್ನಾನಕ್ಕೆ ಅಣಿಮಾಡಿದಳು. ಹುಡುಗ ಹುಷಾರಾದ, ಸ್ನಾನ ಮುಂದಕ್ಕೆ ಹೋಯಿತು.

ಮುಂದೆ ಅವನೇ ಆ ವಿದ್ಯೆಯಲ್ಲಿ ಪಳಗಿದ. ಶುದ್ಧ ಬದುಕು ಕೊಡು ಎಂದು ದೇವರಲ್ಲಿ ಕೇಳಿಕೊಳ್ಳುತ್ತಿದ್ದ. ಎಲ್ಲಿ ಬೇಗ ಕೊಟ್ಟುಬಿಡುತ್ತಾನೋ ಎಂದು ಹೆದರುತ್ತಲೂ ಇದ್ದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೊನ ಪುಸ್ತಕವೊಂದನ್ನು ಓದಿ ಬದುಕು ಬದಲಿಸಿಕೊಳ್ಳಬೇಕೆಂದು ಹೊರಟವನು ಸುಮಾರು ಹನ್ನೆರಡು ವರ್ಷದ ಮೇಲೆ, 386ರಲ್ಲಿ, ಮಿಲಾನಿನ ಒಂದು ತೋಟದಲ್ಲಿ ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಿದ್ದ. ನಾಳೆ ನಾಳೆ ಎನ್ನುವುದು ಇನ್ನೆಷ್ಟು ದಿನ ಎಂಬುದೇ ಆ ಅಳುವಿನ ವಿಷಯ. ಕೈಗೆ ಎತ್ತು ಎಂದರೆ ಎತ್ತುತ್ತದೆ, ಮನಸ್ಸಿಗೆ ಮನಸ್ಸೇ ಹೇಳಿದರೂ ಕೇಳುವುದಿಲ್ಲವಲ್ಲ ಎಂಬುದು ಅವನ ಬೆರಗು. ಅದಕ್ಕೆ ಉತ್ತರವೂ ಅವನ ಬಳಿ ಇತ್ತು. ಬಯಕೆಗೆ ಸೋಲುತ್ತ ಹೋದರೆ ಅದು ರೂಢಿಯಾಗುತ್ತದೆ, ರೂಢಿಯನ್ನು ತಡೆಯದಿದ್ದರೆ ಅದಿಲ್ಲದೆ ಆಗುವುದೇ ಇಲ್ಲ ಎಂಬಲ್ಲಿಗೆ ಬರುತ್ತದೆ. ನಾಳೆ ಎಂದ ದಿನ ನಾವೇನೂ ಸುಮ್ಮನೆ ಕೂತಿರುವುದಿಲ್ಲ. ಬಿಡಬೇಕೆಂದುಕೊಂಡದ್ದನ್ನೇ ಇನ್ನೊಂದು ದಿನ ಅಭ್ಯಾಸ ಮಾಡಿರುತ್ತೇವೆ. ನಾಳೆ ಎದುರಾಗುವ ಚಟ ಇವತ್ತಿನದಕ್ಕಿಂತ ಒಂದು ದಿನ ಗಟ್ಟಿ.

ಅವನಾಡುತ್ತಿದ್ದ ಲ್ಯಾಟಿನ್ನಿನಲ್ಲಿ ನಾಳೆಗೆ 'ಕ್ರಾಸ್'. ನಮ್ಮೂರ ಕಾಗೆ ಕೂಗಿದರೆ ನೆಂಟರು ಬರುತ್ತಾರೆ. ಅವನ ಕಿವಿಗೆ ಕಾಗೆ ಕೂಗಿದ್ದು 'ಕ್ರಾಸ್, ಕ್ರಾಸ್'. ಮುಂದೂಡುವವರನ್ನು ಈ ಕಾಗೆಯ ಕೂಗಿನ ಹೆಸರಲ್ಲಿ ಅವನು ಪ್ರಸಂಗಗಳಲ್ಲಿ ಛೇಡಿಸುತ್ತಿದ್ದ. ಹಾಸ್ಯ ಜನರಿಗೆ ಹಿಡಿಸಿತೆಂದು ಕಾಣುತ್ತದೆ. ಸಂತ ಎಕ್ಸ್‌ಪೆಡಿಟಸ್‌ನ ಚಿತ್ರಗಳಲ್ಲಿ ಆ ಕಾಗೆ ಇವತ್ತಿಗೂ ಇದೆ. ರೋಮನ್ ಸೈನಿಕನ ಉಡುಪು. ಎತ್ತಿದ ಕೈಯ ಶಿಲುಬೆಯ ಮೇಲೆ 'ಇಂದು' ಎಂಬ ಅರ್ಥದ ಲ್ಯಾಟಿನ್ ಪದ. ಕಾಲಡಿಯಲ್ಲಿ 'ನಾಳೆ' ಎನ್ನುತ್ತಿರುವ ಕಾಗೆ. ಬ್ರೆಜಿಲ್‌ನಲ್ಲೂ ರೀಯೂನಿಯನ್ ದ್ವೀಪದಲ್ಲೂ ಅರ್ಜೆಂಟ್ ಕೆಲಸವಿರುವವರು ಮೊರೆಹೋಗುವುದು ಇವನಿಗೆ.

ಆದರೆ ಕಾಗೆಯನ್ನು ಪೂರ್ತಿ ತುಳಿದುಹಾಕಲು ನನಗೆ ಮನಸ್ಸಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ಆ ಕಾಲದವರಿಗೆ ನೆನಪಿದೆ. ರಾತ್ರಿ ಮನೆಯವರ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನವೂ ಬಂದು ಅದನ್ನೇ ಓದುತ್ತದೆ ಎಂಬ ನಂಬಿಕೆ. ನಮ್ಮ ಯಡವಟ್ಟು ಇರುವುದು ಆ ಬರಹದಲ್ಲಲ್ಲ. ದೆವ್ವ ಬಂದಾಗ ಬಾಗಿಲು ತೆರೆದು, ನೆಂಟ ಬಂದಾಗ ಆ ಬರಹ ತೋರಿಸುತ್ತೇವೆ. ಕ್ಷಮೆ, ರಾಜಿ, ಪ್ರಾರ್ಥನೆಗೆ ನಾಳೆ ಬಾ. ಬಾಟಲಿಗೂ ಚಾಡಿಗೂ ಈಗಲೇ ಬಾ.

ಇದನ್ನು ತಿರುಗಿಸಿ ಹಾಕಿದವರು ಕುಡುಕರು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಬೇರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯಲ್ಲಿದೆ. ಜೀವಮಾನವಿಡೀ ಕುಡಿಯಬೇಡ ಎಂದರೆ ಕುಡುಕನ ಎದೆ ಒಡೆಯುತ್ತದೆ. ಹಾಗಾಗಿ ಅಲ್ಲಿ ಹೇಳಿಕೊಡುವುದು ಇಷ್ಟೇ: ಇವತ್ತು ಕುಡಿಯಬೇಡ, ನಾಳೆಯದನ್ನು ನಾಳೆ ನೋಡೋಣ. ಇಲ್ಲಿ ನಾಳೆ ಎನಿಸಿಕೊಂಡು ವಾಪಸು ಹೋಗುವುದು ಬಾಟಲಿ. ನಾಳೆಯ ಚಿಂತೆ ನಾಳೆಗಿರಲಿ ಎಂದ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕೇಳುವುದೂ ಇವತ್ತಿನ ರೊಟ್ಟಿಯನ್ನೇ. ತೋಟದಲ್ಲಿ ಅತ್ತ ಅಗಸ್ಟೀನನಿಗೂ ಒಂದೇ ದಿನದಲ್ಲಿ ಎಲ್ಲ ಮುಗಿಯಲಿಲ್ಲ. ಹತ್ತು ವರ್ಷ ದಾಟಿ, ಬಿಷಪನಾದ ಮೇಲೆ ಬರೆದ ಆತ್ಮನಿವೇದನೆಯಲ್ಲೂ ಹೊಗಳಿಕೆ ಕಂಡರೆ ಬಾಯಿ ಬಿಡುವ ತನ್ನ ಮನಸ್ಸನ್ನು ಮುಚ್ಚಿಡದೆ ಹೇಳಿಕೊಂಡಿದ್ದಾನೆ.

ಹಾಗಾದರೆ ಒಳ್ಳೆಯ ಕೆಲಸಕ್ಕೆ ನಾಳೆ ಎನ್ನಲೇಬಾರದೇ? ಕೈಸರೇಯದಲ್ಲಿ ಸೆರೆಯಲ್ಲಿದ್ದ ಪೌಲನ ಮಾತು ಕೇಳಿ ನಡುಗಿದ ದೇಶಾಧಿಪತಿ ಫೇಲಿಕ್ಸ, ಬಿಡುವಾದಾಗ ಕರೆಸುತ್ತೇನೆ ಎಂದ. ಆಮೇಲೆ ಎಷ್ಟೋ ಸಲ ಕರೆಸಿದ, ಲಂಚದ ಆಸೆಗೆ. ಎರಡು ವರ್ಷ ಕಳೆದು ಅವನ ಜಾಗಕ್ಕೆ ಇನ್ನೊಬ್ಬ ಬಂದ, ಪೌಲ ಸೆರೆಯಲ್ಲೇ ಉಳಿದ. ಅಗಸ್ಟೀನನೂ ತೋಟದಿಂದ ಎದ್ದವನೇ ಮೇಷ್ಟ್ರ ಕೆಲಸ ಬಿಡಲಿಲ್ಲ. ದ್ರಾಕ್ಷಿ ಕೊಯ್ಲಿನ ರಜೆಗೆ ಹೆಚ್ಚೆಂದರೆ ಇಪ್ಪತ್ತು ದಿನ ಉಳಿದಿತ್ತು. ನಡುವೆ ಬಿಟ್ಟರೆ ಊರೆಲ್ಲ ಗುಲ್ಲಾಗುತ್ತದೆ ಎಂದು ಅಲ್ಲಿಯವರೆಗೆ ಪಾಠ ಮಾಡಿದ. ಅವನದೂ ನಾಳೆಯೇ, ಆದರೆ ಅದಕ್ಕೊಂದು ತಾರೀಕಿತ್ತು. ರಜೆ ಮುಗಿದಾಗ, ಬೇರೆ ಮೇಷ್ಟ್ರನ್ನು ನೋಡಿಕೊಳ್ಳಿ ಎಂದು ಮಿಲಾನಿನವರಿಗೆ ತಿಳಿಸಿದ. ಮರುವರ್ಷದ ಈಸ್ಟರ್‌ಗೆ ಅಲ್ಲಿನ ಬಿಷಪ ಆಂಬ್ರೋಸನ ಕೈಯಲ್ಲಿ ದೀಕ್ಷಾಸ್ನಾನ ಪಡೆದ.