ಪೆನ್ಸಿಲ್ಲಿಗೆ ಸುತ್ತಿದ ಬೆಳಕು

ಎಂ.ಎಸ್ಸಿ. ಓದುತ್ತಿದ್ದಾಗ ನಮ್ಮ ಪ್ರಯೋಗಾಲಯದಲ್ಲಿ ಟೆಲಿಫೋನ್ ಕೇಬಲ್ಲಿಗೆ ಬಳಸುವ ಗಾಜಿನ ಫೈಬರಿನ ಒಂದು ಸುರುಳಿ ಇತ್ತು. ಒಂದು ತುದಿಗೆ ಕೆಂಪು ಲೇಸರ್ ಹಾಯಿಸಿ, ಇನ್ನೊಂದು ತುದಿಯ ಬೆಳಕನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿದರೆ ದುಂಡನೆಯ ಚುಕ್ಕೆ ಕಾಣಬೇಕೆಂಬುದು ನನ್ನ ಎಣಿಕೆ. ಕಂಡದ್ದು ಮೂರ್ನಾಲ್ಕು ತುಂಡಾದ ಕಲೆ. “ಪೆನ್ಸಿಲ್ಲಿಗೆ ನಾಲ್ಕು ಸುತ್ತು ಸುತ್ತಿ ನೋಡು” ಎಂದರು ಮೇಷ್ಟ್ರು. ಫೈಬರನ್ನು ಬಗ್ಗಿಸಬೇಡ, ಬೆಳಕು ಸೋರುತ್ತದೆ ಎಂದು ಹಿಂದಿನ ವಾರವಷ್ಟೇ ಅವರೇ ಗದರಿಸಿದ್ದರು. ಸುತ್ತಿದೆ. ಕಲೆ ಪೂರ್ತಿ ಹೋಗಲಿಲ್ಲ; ಆದರೆ ಅಂಚಿನ ತುಂಡುಗಳು ಮಸುಕಾಗಿ ನಡುವೆ ಒಂದು ಚುಕ್ಕೆ ಮೂಡಿತು.

ಆ ನಾಲ್ಕು ಸುತ್ತಿಗೂ ಒಂದು ಚರಿತ್ರೆ ಇದೆಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಫೈಬರಿನ ನಡುವೆ ಒಂದು ತಿರುಳು. ಅದರ ಸುತ್ತ, ಬೆಳಕು ತುಸು ಹೆಚ್ಚು ವೇಗದಲ್ಲಿ ಚಲಿಸಬಲ್ಲ ಇನ್ನೊಂದು ಗಾಜಿನ ಹೊದಿಕೆ. ತಿರುಳು ದಪ್ಪವಾದರೆ ಬೆಳಕು ಅದರೊಳಗೆ ಒಂದೇ ವಿನ್ಯಾಸದಲ್ಲಿ ಹರಿಯದೆ ಹಲವು ವಿನ್ಯಾಸಗಳಲ್ಲಿ, ಅಂದರೆ ಹಲವು ಮೋಡ್‌ಗಳಲ್ಲಿ, ಹರಿಯುತ್ತದೆ. ಚರ್ಮವಾದ್ಯಕ್ಕೆ ಪೆಟ್ಟು ಬಿದ್ದಾಗ ಮೂಲಸ್ವರದ ಜೊತೆಗೆ ಉಪಸ್ವರಗಳೂ ಏಳುತ್ತವಲ್ಲ, ಹಾಗೆ. ಇದು ಬರಿಯ ಉಪಮೆಯಲ್ಲ, ಎರಡರ ಗಣಿತವೂ ಒಂದೇ ಮನೆತನದ್ದು. ಬಿಗಿದ ದುಂಡು ಚರ್ಮದ ಅತ್ಯಂತ ಕೆಳಗಿನ ಸ್ವರವನ್ನು ನಿರ್ಧರಿಸುವ 2.405 ಎಂಬ ಅಂಕಿಯೇ ಫೈಬರಿನಲ್ಲಿ ಗಡಿಗಲ್ಲು. ತಿರುಳಿನ ಅಳತೆ, ಬೆಳಕಿನ ತರಂಗಾಂತರ, ಎರಡು ಗಾಜುಗಳ ವ್ಯತ್ಯಾಸ ಇವು ಸೇರಿ ಬರುವ ‘ವಿ’ ಸಂಖ್ಯೆ ಅದಕ್ಕಿಂತ ಕಡಿಮೆಯಿದ್ದರೆ ಒಂದೇ ಮೋಡ್, ಮೀರಿದರೆ ಹಲವು. ಈ ಮೋಡ್‌ಗಳ ಲೆಕ್ಕವನ್ನು ಅಮೆರಿಕದ ಎಲಿಯಾಸ್ ಸ್ನಿಟ್ಜರ್ 1961ರಲ್ಲೇ ವಿವರವಾಗಿ ಪ್ರಕಟಿಸಿದ್ದರು. ನಮ್ಮ ಸುರುಳಿ ತಯಾರಾದದ್ದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗಾಗಿ. ಕೆಂಪಿನ ತರಂಗಾಂತರ ಅದಕ್ಕಿಂತ ಕಿರಿದಾದ್ದರಿಂದ ಗಡಿ ದಾಟಿಬಿಟ್ಟಿತ್ತು.

ಹಾಗಾದರೆ ತಿರುಳನ್ನು ಸಣ್ಣದಾಗಿಯೇ ಇಟ್ಟರಾಯಿತಲ್ಲ? ಮಾತು, ಚಿತ್ರ ಸಾಗಿಸಲು ಸಾಕು. ಆದರೆ ಫೈಬರನ್ನೇ ಲೇಸರ್ ಮಾಡಿ ಉಕ್ಕು ಕತ್ತರಿಸಲು ಹೊರಟರೆ ಅಷ್ಟು ಬೆಳಕನ್ನು ಕೆಲವೇ ಮೈಕ್ರಾನಿನ ತಿರುಳು ತಾಳಲಾರದು. ಇಲ್ಲಿ ಅಡ್ಡ ಬರುವವರಲ್ಲಿ ಒಬ್ಬರು ನಮ್ಮವರೇ. ರಾಮನ್ ಕಲ್ಕತ್ತೆಯಲ್ಲಿ ಕಂಡು, 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದ ಆ ಕ್ಷೀಣ ಚದುರಿಕೆ, ತೀವ್ರ ಬೆಳಕು ತುಂಬಿದ ಫೈಬರಿನಲ್ಲಿ ತನ್ನನ್ನು ತಾನೇ ಬೆಳೆಸಿಕೊಂಡು ಮೂಲ ಬೆಳಕನ್ನೇ ತಿನ್ನತೊಡಗುತ್ತದೆ. ತಪ್ಪಿಸಿಕೊಳ್ಳಲು ತಿರುಳನ್ನು ಹಿಗ್ಗಿಸಬೇಕು. ಹಿಗ್ಗಿಸಿದರೆ ಮೋಡ್‌ಗಳ ಸಂತೆ.

1998ರಲ್ಲಿ ಮಾರ್ಟಿನ್ ಫರ್ಮನ್ ಒಂದು ದಾರಿ ತೋರಿಸಿದರು: ದಪ್ಪ ತಿರುಳಿನೊಳಕ್ಕೂ ಬೆಳಕನ್ನು ಜತನದಿಂದ, ಸರಿಯಾಗಿ ಮೂಲ ಮೋಡ್‌ನ ಆಕಾರದಲ್ಲೇ ಹೊಗಿಸಿದರೆ ಅದು ಕೆಲವು ಮೀಟರ್ ಹಾಗೆಯೇ ಉಳಿಯಬಲ್ಲದು. ಚೆಂದದ ಉಪಾಯವೇ. ಆದರೆ ದಾರಿಯಲ್ಲಿ ಬೇರೆ ಮೋಡ್‌ಗಳು ಹುಟ್ಟಿಕೊಂಡರೆ ಹೊರದಬ್ಬುವವರಿಲ್ಲ.

ಹೊರದಬ್ಬುವ ಕೆಲಸವನ್ನು ಸುರುಳಿಗೆ ಒಪ್ಪಿಸಿದವರು ಕಾಪ್ಲೋ, ಕ್ಲೈನರ್ ಮತ್ತು ಗೋಲ್ಡ್‌ಬರ್ಗ್. 2000ನೆಯ ಇಸವಿಯಲ್ಲಿ ‘ಆಪ್ಟಿಕ್ಸ್ ಲೆಟರ್ಸ್’ನಲ್ಲಿ ಬಂದ ಅವರ ಪುಟ್ಟ ಲೇಖನವನ್ನು ಓದಿದಾಗ ನನಗೆ ನೆನಪಾದದ್ದು ಮೇಷ್ಟ್ರ ಪೆನ್ಸಿಲ್. ಬಾಗಿದ ಫೈಬರಿನಲ್ಲಿ ಹೊರಮಗ್ಗುಲಿನ ಬೆಳಕು ಒಳಮಗ್ಗುಲಿನದಕ್ಕಿಂತ ಹೆಚ್ಚು ದೂರ ಓಡಬೇಕು. ದೇವರ ತೇರು ತಿರುವಿನಲ್ಲಿ ಹೊರಳುವಾಗ ಹೊರಗಿನ ಮಿಣಿ ಹಿಡಿದವರು ಓಡುತ್ತಾರಲ್ಲ, ಹಾಗೆ. ಒಂದು ದೂರದಾಚೆ ಹೊದಿಕೆಯ ಗಾಜು ಅನುಮತಿಸುವ ವೇಗಕ್ಕಿಂತ ಹೆಚ್ಚು ಬೇಕಾಗುತ್ತದೆ. ಅಲ್ಲಿರುವ ಬೆಳಕು ಸಾಲು ಬಿಟ್ಟು ಸೋರಿಹೋಗುತ್ತದೆ. ಮೂಲ ಮೋಡ್ ತಿರುಳಿನ ನಡುವೆ ಮುದುಡಿ ಕೂತಿರುತ್ತದೆ, ಮೇಲಿನ ಮೋಡ್‌ಗಳು ಅಂಚಿನಾಚೆಗೂ ಕೈಚಾಚಿರುತ್ತವೆ. ಮೊದಲು ಸೋರುವವು ಅವೇ. ಡೀಟ್ರಿಷ್ ಮಾರ್ಕ್ಯೂಸ್ 1976ರಲ್ಲೇ ಈ ನಷ್ಟಕ್ಕೆ ಸೂತ್ರ ಕೊಟ್ಟಿದ್ದರು. ಕೇಬಲ್ ಎಳೆಯುವವರಿಗೆ ಅದು ಎಚ್ಚರಿಕೆ. ಆ ನಷ್ಟವನ್ನೇ ಜರಡಿಯಾಗಿ ಬಳಸಿದ್ದು ಈ ಮೂವರ ಜಾಣತನ.

ಅವರ ಫೈಬರಿನ ತಿರುಳು 25 ಮೈಕ್ರಾನ್, ‘ವಿ’ ಸಂಖ್ಯೆ ಸುಮಾರು 7.4. ಅಂದರೆ ಗಡಿಯ ಮೂರು ಪಟ್ಟು. ಅದನ್ನು ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಕಡ್ಡಿಗೆ ಬಿಗಿಯಾಗಿ ಸುತ್ತಿದಾಗ ಬಂದ ಕಿರಣದ ಗುಣಮಟ್ಟ 1.09. ಪರಿಪೂರ್ಣ ಕಿರಣಕ್ಕೆ ಆ ಅಳತೆಯಲ್ಲಿ 1.

ಮೃದಂಗದ ‘ನಂ’ ಹೊಡೆತ ನೋಡಿ. ತೋರುಬೆರಳು ಹೊಡೆಯುವಾಗ ಉಂಗುರಬೆರಳು ಚರ್ಮವನ್ನು ಹಗುರಾಗಿ ಮುಟ್ಟಿ ಬೇಡದ ಕಂಪನವನ್ನು ಅಡಗಿಸುತ್ತದೆ. ನಡುವಿನ ಕರಿ ಕರಣೆ ಉಪಸ್ವರಗಳನ್ನು ಹೇಗೆ ಶ್ರುತಿಗೆ ತರುತ್ತದೆಂದು ರಾಮನ್ 1934ರಲ್ಲಿ ಬರೆದಿದ್ದರು. ಚದುರಿಕೆಯಿಂದ ತೊಂದರೆ ಕೊಟ್ಟವರೇ ಪರಿಹಾರದ ನಂಟನ್ನೂ ಬಿಟ್ಟುಹೋದರೆಂದು ನನಗೆ ಅನಿಸುವುದುಂಟು. ಚರಿತ್ರೆಕಾರರು ಒಪ್ಪಲಿಕ್ಕಿಲ್ಲ.

2004ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 40 ಮೈಕ್ರಾನಿನ ತಿರುಳಿನಿಂದ 1.36 ಕಿಲೋವ್ಯಾಟ್ ಹೊರಡಿಸಿದರು. ಆದರೆ ತಿರುಳು ಹಿಗ್ಗಿದಷ್ಟೂ ಸುರುಳಿಯ ವಿದ್ಯೆ ಸೊರಗುತ್ತದೆ: ಬಾಗಿದಲ್ಲಿ ಮೂಲ ಮೋಡ್ ಕೂಡ ಹೊರಮಗ್ಗುಲಿಗೆ ಒತ್ತರಿಸಿ ಕಿರಿದಾಗುತ್ತದೆ, ಹಿಗ್ಗಿಸಿದ ಲಾಭ ಅಲ್ಲೇ ಕರಗುತ್ತದೆ. 2010ರ ಸುಮಾರಿಗೆ ಜರ್ಮನಿಯ ಯೇನಾದಲ್ಲಿ ಇನ್ನೊಂದು ಕಾಟ ಕಾಣಿಸಿತು. ಶಕ್ತಿ ಒಂದು ಮಿತಿ ದಾಟಿದರೆ ಬೆಳಕಿನದೇ ಬಿಸಿ ಗಾಜಿನಲ್ಲಿ ಪಟ್ಟೆಪಟ್ಟೆಯಾಗಿ ಮೂಡಿ, ಮೂಲ ಮೋಡ್‌ನ ಬೆಳಕನ್ನು ಮೇಲಿನ ಮೋಡ್‌ಗೆ ದಾಟಿಸುತ್ತದೆ. ದುಂಡು ಚುಕ್ಕೆ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಒಡೆದು, ಕೂಡಿ, ನಡುಗತೊಡಗುತ್ತದೆ. ನನ್ನ ರಟ್ಟಿನ ಮೇಲಿದ್ದ ಆ ಹಳೆಯ ಕಲೆಗಳೇ ಮತ್ತೆ ಹಾಜರು, ಈ ಸಲ ನೂರಾರು ವ್ಯಾಟ್‌ಗಳ ಬಲದೊಂದಿಗೆ.