ತುಂತುರು ಮಳೆ, ಒಂದು ವೈಪರ್, ಕಾರಿಗೆ 90 ಸೆಂಟ್: ರಾಬರ್ಟ್ ಕರ್ನ್ಸ್ ಕಥೆ

ಇವತ್ತಿನ ಕಥೆ ಕಾರಿನ ಸ್ಟೀರಿಂಗ್ ಪಕ್ಕ ಇರೋ ಒಂದು ಲಿವರ್‌ನದು.

ಕ್ಯಾಬಲ್ಲಿ ಮುಂದಿನ ಸೀಟಲ್ಲಿ ಕೂತಾಗ ಗಮನಿಸಿ. ಜೋರು ಮಳೆ ಇದ್ರೆ ಡ್ರೈವರ್ ವೈಪರನ್ನ ಫಾಸ್ಟ್‌ಗೆ ಹಾಕ್ತಾರೆ. ಬರೀ ಸೋನೆ ಮಳೆ ಇದ್ರೆ ಇನ್ನೊಂದು ಸೆಟ್ಟಿಂಗ್ ಇದೆ. ವೈಪರ್ ಒಂದು ಸಲ ಒರೆಸುತ್ತೆ, ಸುಮ್ಮನಾಗುತ್ತೆ, ಕೆಲವು ಸೆಕೆಂಡ್ ಬಿಟ್ಟು ಮತ್ತೆ ಒರೆಸುತ್ತೆ. ಇದಕ್ಕೆ ಇಂಟರ್‌ಮಿಟೆಂಟ್ ವೈಪರ್ ಅಂತ ಹೆಸರು. ಒಂದು ಸೆಕೆಂಡೂ ಯೋಚನೆ ಮಾಡದೆ ನಾವು ಬಳಸೋ ವಸ್ತು ಇದು. ಆದ್ರೆ ಈ ಕೆಲವು ಸೆಕೆಂಡ್‌ಗಳ ಬಿಡುವಿಗಾಗಿ ಒಬ್ಬ ಮನುಷ್ಯ ಹದಿನೇಳು ವರ್ಷ ಕೋರ್ಟಿಗೆ ಅಲೆದ. ಅವನ ಹೆಸರು ರಾಬರ್ಟ್ ಕರ್ನ್ಸ್.

ಸ್ವಲ್ಪ ಹಿಂದಕ್ಕೆ ಹೋಗೋಣ. ಕಾರಿನ ಗಾಜು ಒರೆಸೋ ಉಪಕರಣಕ್ಕೆ ಮೇರಿ ಆಂಡರ್ಸನ್ ಅನ್ನೋ ಅಮೆರಿಕನ್ ಮಹಿಳೆಗೆ 1903ರಲ್ಲೇ ಪೇಟೆಂಟ್ ಸಿಕ್ಕಿತ್ತು. ಒಳಗೆ ಕೂತು ಕೈಯಿಂದ ಹಿಡಿಕೆ ಎಳೆಯೋ ವೈಪರ್ ಅದು. ಆಮೇಲೆ ಎಂಜಿನ್‌ನ ನಿರ್ವಾತ, ಅಂದ್ರೆ ವ್ಯಾಕ್ಯೂಮ್ ಬಳಸಿ ಓಡೋ ವೈಪರ್‌ಗಳು ಬಂದವು. ಅದರಲ್ಲೊಂದು ತಮಾಷೆ ಇತ್ತು. ಏರು ಹತ್ತೋಕೆ ಅಂತ ಆಕ್ಸಿಲರೇಟರ್ ಒತ್ತಿದ್ರೆ ವ್ಯಾಕ್ಯೂಮ್ ಕಮ್ಮಿಯಾಗಿ ವೈಪರ್ ನಿಧಾನ ಆಗ್ತಿತ್ತು. ಬೇಕಾದ ಹೊತ್ತಿಗೇ ಕೈಕೊಡೋ ನೆಂಟರ ಥರ. ನಂತರ ಎಲೆಕ್ಟ್ರಿಕ್ ಮೋಟಾರ್ ಬಂತು, ವೈಪರ್ ಒಂದೇ ವೇಗದಲ್ಲಿ ಓಡೋಕೆ ಶುರುವಾಯ್ತು. ಆದ್ರೆ ತುಂತುರು ಮಳೆಗೆ ಅದೂ ಹೊಂದಲಿಲ್ಲ. ಆಫ್ ಮಾಡಿದ್ರೆ ಗಾಜು ಮಂಜು, ಆನ್ ಮಾಡಿದ್ರೆ ಒಣ ಗಾಜಿನ ಮೇಲೆ ರಬ್ಬರ್ ಕಿರ್‍ರೋ ಅಂತ ಉಜ್ಜುತ್ತೆ.

ಕರ್ನ್ಸ್ 1927ರಲ್ಲಿ ಇಂಡಿಯಾನಾ ರಾಜ್ಯದ ಗ್ಯಾರಿ ಊರಲ್ಲಿ ಹುಟ್ಟಿದವನು. ಬೆಳೆದಿದ್ದು ಡೆಟ್ರಾಯಿಟ್ ಹತ್ತಿರ, ಕಾರು ಕಾರ್ಖಾನೆಗಳ ನೆರಳಲ್ಲಿ. ಎಂಜಿನಿಯರಿಂಗಲ್ಲಿ ಪಿಎಚ್.ಡಿ. ಮಾಡಿ, ವೇನ್ ಸ್ಟೇಟ್ ಯೂನಿವರ್ಸಿಟೀಲಿ ಪಾಠ ಹೇಳ್ತಿದ್ದ. ಏನಾದ್ರೂ ಕಂಡುಹಿಡೀತಾ ಇರೋದು ಅವನಿಗೆ ಚಟ. ತಲೆ ಬಾಚುವಾಗ ಎಣ್ಣೆಯಂಥ ಹೇರ್ ಟಾನಿಕ್ಕನ್ನ ತಾನೇ ಹೊರಬಿಡೋ ಬಾಚಣಿಗೆ ಮಾಡಿದ್ದ. ಗಂಟಲ ಧ್ವನಿಪೆಟ್ಟಿಗೆ ಕಳೆದುಕೊಂಡವರಿಗೆ ಮಾತಾಡೋಕೆ ನೆರವಾಗೋ ಆಂಪ್ಲಿಫೈಯರ್ ಮಾಡಿದ್ದ. ಬಾಚಣಿಗೆಯಿಂದ ಯಾರೂ ಶ್ರೀಮಂತರಾಗಲಿಲ್ಲ. ಆದ್ರೆ ಬೇಕಾದಷ್ಟನ್ನು ಬೇಕಾದಾಗ ಮಾತ್ರ ಕೊಡೋ ಬಾಚಣಿಗೆ, ಬೇಕಾದಾಗ ಮಾತ್ರ ಒರೆಸೋ ವೈಪರ್ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ, ಒಂದೇ ತಲೆಯಿಂದ ಬಂದಿದ್ದು ಅಂತ ನನಗನ್ನಿಸುತ್ತೆ.

1953ರಲ್ಲಿ ಅವನ ಮದುವೆಯ ರಾತ್ರಿ ಶಾಂಪೇನ್ ಬಾಟಲಿಯ ಮುಚ್ಚಳ ಹಾರಿ ಎಡಗಣ್ಣಿಗೆ ಬಡೀತು. ಆ ಕಣ್ಣಿನ ದೃಷ್ಟಿ ಹೆಚ್ಚುಕಮ್ಮಿ ಹೋಯ್ತು. ಹತ್ತು ವರ್ಷದ ಮೇಲೆ, ತುಂತುರು ಮಳೆಯಲ್ಲಿ ತನ್ನ ಫೋರ್ಡ್ ಗ್ಯಾಲಕ್ಸಿ ಕಾರು ಓಡಿಸ್ತಾ, ವೈಪರ್ ಎಡೆಬಿಡದೆ ಓಡಾಡಿ ಕಣ್ಣಿಗೆ ತೊಂದರೆ ಕೊಡ್ತಿದ್ದಾಗ ಅವನಿಗೊಂದು ಪ್ರಶ್ನೆ ಬಂತು. ನಮ್ಮ ರೆಪ್ಪೆ ಇಡೀ ದಿನ ಪಟಪಟ ಬಡೀತಾ ಇರಲ್ಲ, ಆಗೊಮ್ಮೆ ಈಗೊಮ್ಮೆ ಬಡಿಯುತ್ತೆ. ವೈಪರ್ ಯಾಕೆ ಹಾಗಿರಬಾರದು?

ಮನೆಯ ಬೇಸ್‌ಮೆಂಟಲ್ಲಿ ಕೂತು ಅವನು ಮಾಡಿದ್ದು ಕೇಳೋಕೆ ತುಂಬ ಸರಳ. ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಒಂದು ರೆಸಿಸ್ಟರ್. ಸೈನ್ಸ್ ಓದದವರಿಗೆ ಹೀಗೆ ಹೇಳ್ತೀನಿ. ಕೆಪಾಸಿಟರ್ ಅಂದ್ರೆ ಒಂದು ಬಿಂದಿಗೆ. ರೆಸಿಸ್ಟರ್ ಅಂದ್ರೆ ಅದಕ್ಕೆ ನೀರು ಬಿಡೋ ನಲ್ಲಿ. ನಲ್ಲಿಯಿಂದ ಸಣ್ಣಗೆ ಕರೆಂಟು ಬಂದು ಬಿಂದಿಗೆ ತುಂಬುತ್ತೆ. ಒಂದು ಮಟ್ಟಕ್ಕೆ ಬಂದ ತಕ್ಷಣ ಟ್ರಾನ್ಸಿಸ್ಟರ್ ಅನ್ನೋ ಬಾಗಿಲು ತೆರೆಯುತ್ತೆ, ಮೋಟಾರ್ ಓಡುತ್ತೆ, ವೈಪರ್ ಒಂದು ಸುತ್ತು ಒರೆಸುತ್ತೆ. ಅಷ್ಟರಲ್ಲಿ ಬಿಂದಿಗೆ ಖಾಲಿ. ಮತ್ತೆ ತುಂಬೋ ತನಕ ವೈಪರ್‌ಗೆ ರೆಸ್ಟು. ಡ್ರೈವರ್ ನಾಬ್ ತಿರುಗಿಸಿದ್ರೆ ನಲ್ಲಿ ಸಣ್ಣದು ದೊಡ್ಡದು ಆಗುತ್ತೆ, ಬಿಡುವು ಹೆಚ್ಚು ಕಮ್ಮಿ ಆಗುತ್ತೆ. ಅಷ್ಟೇ.

1963ರಲ್ಲಿ ಅವನು ಇದನ್ನ ಕಾರಿಗೆ ಜೋಡಿಸಿ ಫೋರ್ಡ್ ಕಂಪನಿಗೆ ತೋರಿಸಿದ. ಅಲ್ಲಿನ ಎಂಜಿನಿಯರ್‌ಗಳೂ ಇಂಥದ್ದೇ ವೈಪರ್‌ಗೆ ತಲೆ ಕೆಡಿಸಿಕೊಂಡಿದ್ದರು. ಕರ್ನ್ಸ್‌ನ ಕಾರನ್ನ ನೋಡಿದರು, ಆಸಕ್ತಿ ತೋರಿಸಿದರು. 30 ಲಕ್ಷ ಸಲ ಒರೆಸಿದರೂ ಕೆಡಬಾರದು ಅನ್ನೋ ಪರೀಕ್ಷೆ ಇತ್ತು. ಕರ್ನ್ಸ್ ಮೀನಿನ ತೊಟ್ಟಿ ತಂದು, ಎಣ್ಣೆಗೆ ಮರದ ಹೊಟ್ಟು ಕಲಸಿ ತುಂಬಿಸಿ, ಅದರೊಳಗೆ ವೈಪರ್ ಓಡಿಸಿ ಪರೀಕ್ಷೆ ಮಾಡಿದ. 1964ರ ಡಿಸೆಂಬರ್ 1ರಂದು ಪೇಟೆಂಟ್‌ಗೆ ಅರ್ಜಿ ಹಾಕಿದ. 1967ರ ನವೆಂಬರಲ್ಲಿ ಪೇಟೆಂಟ್ ಸಿಕ್ತು. ತಾನೇ ಒಂದು ಕಾರ್ಖಾನೆ ಕಟ್ಟಿ, ವೈಪರ್ ತಯಾರಿಸಿ, ಕಾರು ಕಂಪನಿಗಳಿಗೆ ಮಾರಬೇಕು ಅನ್ನೋದು ಅವನ ಕನಸು.

ಆದ್ರೆ ಫೋರ್ಡ್ ಜೊತೆಗಿನ ಮಾತುಕತೆ ಮುರಿದುಬಿತ್ತು. 1969ರಲ್ಲಿ ಫೋರ್ಡ್ ತನ್ನದೇ ಇಂಟರ್‌ಮಿಟೆಂಟ್ ವೈಪರ್ ಮಾರುಕಟ್ಟೆಗೆ ತಂತು. ಬೇರೆ ಕಂಪನಿಗಳೂ ಹಿಂದೆಯೇ ಬಂದವು. 1976ರಲ್ಲಿ ಕರ್ನ್ಸ್ ಮರ್ಸಿಡಿಸ್ ಕಾರಿನ ವೈಪರ್ ಕಂಟ್ರೋಲ್ ಡಬ್ಬಿಯನ್ನ ಬಿಚ್ಚಿ ನೋಡಿದ. ಒಳಗಿದ್ದ ಸರ್ಕ್ಯೂಟ್ ತನ್ನದರ ಹಾಗೇ ಕಾಣಿಸ್ತು. ಅದಾದ ಮೇಲೆ ಅವನ ಮನಸ್ಸಿನ ಸ್ಥಿಮಿತ ತಪ್ಪಿತು. ಮಾನಸಿಕ ಚಿಕಿತ್ಸೆಗೆ ಆಸ್ಪತ್ರೆ ಸೇರಬೇಕಾಯ್ತು.

ಹೊರಗೆ ಬಂದವನು 1978ರಲ್ಲಿ ಫೋರ್ಡ್ ಮೇಲೆ ಕೇಸ್ ಹಾಕಿದ. 1982ರಲ್ಲಿ ಕ್ರೈಸ್ಲರ್ ಮೇಲೆ. ಆಮೇಲೆ ಜನರಲ್ ಮೋಟಾರ್ಸ್, ಮರ್ಸಿಡಿಸ್, ಜಪಾನಿನ ಕಂಪನಿಗಳ ಮೇಲೂ.

ಈಗ ಈ ಕಥೆಯ ತಿರುಳಿಗೆ ಬರೋಣ. ಕಾರು ಕಂಪನಿಗಳ ವಾದ ಏನು ಗೊತ್ತಾ? ಟ್ರಾನ್ಸಿಸ್ಟರ್ ಮೊದಲೇ ಇತ್ತು. ಕೆಪಾಸಿಟರ್ ಮೊದಲೇ ಇತ್ತು. ರೆಸಿಸ್ಟರ್ ಯಾವ ಅಂಗಡಿಗೆ ಹೋದ್ರೂ ಸಿಗುತ್ತೆ. ಇವನು ಹೊಸದಾಗಿ ಕಂಡುಹಿಡಿದಿದ್ದು ಏನನ್ನ? ಯಾವ ಎಂಜಿನಿಯರ್‌ಗಾದ್ರೂ ಹೊಳೆಯೋ ಸಂಗತಿ ಇದು.

ಮೇಲ್ನೋಟಕ್ಕೆ ಸರಿ ಅನ್ಸುತ್ತೆ ಅಲ್ವಾ? ನಾನೂ ಇದನ್ನ ಓದುವಾಗ ಒಂದು ನಿಮಿಷ ನಿಂತೆ. ಆದ್ರೆ ಹೀಗೆ ಯೋಚಿಸಿ. ಅಕ್ಕಿ ಅಂಗಡೀಲಿ ಇತ್ತು, ಉದ್ದಿನಬೇಳೆ ಅಂಗಡೀಲಿ ಇತ್ತು, ನೀರು ಬಾವೀಲಿತ್ತು. ಹಾಗಂತ ಇಡ್ಲಿ ಅಂಗಡೀಲಿ ಇತ್ತು ಅಂತ ಹೇಳೋಕಾಗುತ್ತಾ? ಎಷ್ಟಕ್ಕೆ ಎಷ್ಟು, ಎಷ್ಟು ಹೊತ್ತು ಹುದುಗಬೇಕು, ಹಬೆಯಲ್ಲಿ ಎಷ್ಟು ಹೊತ್ತು ಬೇಯಬೇಕು ಅಂತ ಯಾರೋ ಒಬ್ಬರ ತಲೆ ಓಡಿರಲೇಬೇಕು. ಹಳೆಯ ಬಿಡಿಭಾಗಗಳನ್ನ ಹೊಸ ರೀತಿ ಜೋಡಿಸಿ, ಹಿಂದೆ ಆಗದ ಕೆಲಸ ಮಾಡಿಸೋದೂ ಆವಿಷ್ಕಾರವೇ. ಕರ್ನ್ಸ್ ಕೋರ್ಟಲ್ಲಿ ಹಿಡಿದು ನಿಂತಿದ್ದು ಇದೇ ಮಾತನ್ನ.

1990ರಲ್ಲಿ ಜ್ಯೂರಿ ತೀರ್ಮಾನ ಬಂತು. ಫೋರ್ಡ್ ಪೇಟೆಂಟ್ ಉಲ್ಲಂಘಿಸಿದೆ, ಆದ್ರೆ ಬೇಕಂತಲೇ ಮಾಡಿದ್ದಲ್ಲ. ಅದಕ್ಕೂ ಮುಂಚೆ ಫೋರ್ಡ್ 3 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳೋಕೆ ತಯಾರಿತ್ತು. ಕರ್ನ್ಸ್ ಬೇಡ ಅಂದಿದ್ದ. ಕೊನೆಗೆ ಅವನ ಕೈಗೆ ಬಂದಿದ್ದು 1 ಕೋಟಿ 2 ಲಕ್ಷ ಡಾಲರ್.

ಕ್ರೈಸ್ಲರ್ ಕೇಸಲ್ಲಿ ಅವನು ಲಾಯರ್‌ಗಳನ್ನ ಬಿಟ್ಟು ಬಹುಪಾಲು ತಾನೇ ವಾದ ಮಾಡಿದ. 1992ರಲ್ಲಿ ಗೆದ್ದ. ಬಿ.ಕಾಂ. ಓದಿದವಳು ನಾನು, ಲೆಕ್ಕ ಬಿಡಿಸದೆ ಮುಂದೆ ಹೋಗಲ್ಲ. ಉಲ್ಲಂಘನೆಯ ವೈಪರ್ ಇದ್ದ ಕ್ರೈಸ್ಲರ್ ಕಾರುಗಳು 1,25,64,107. ಪ್ರತಿ ಕಾರಿಗೆ ಜ್ಯೂರಿ ಕಟ್ಟಿದ ಬೆಲೆ 90 ಸೆಂಟ್, ಅಂದ್ರೆ ಒಂದು ಡಾಲರೂ ಇಲ್ಲ. ಗುಣಿಸಿ ನೋಡಿ: 1 ಕೋಟಿ 13 ಲಕ್ಷ ಡಾಲರ್. ಬಡ್ಡಿ ಸೇರಿ 1 ಕೋಟಿ 87 ಲಕ್ಷ. ಅಪೀಲು ಮುಗಿಯೋ ಹೊತ್ತಿಗೆ ಬಡ್ಡಿ ಇನ್ನೂ ಬೆಳೆದು ಮೊತ್ತ ಹತ್ತಿರ ಹತ್ತಿರ 3 ಕೋಟಿ ಡಾಲರ್ ಆಗಿತ್ತು. 1995ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಪ್ರಕರಣ ಕೈಗೆತ್ತಿಕೊಳ್ಳೋಕೆ ಒಪ್ಪಲಿಲ್ಲ, ಅಲ್ಲಿಗೆ ಮುಗೀತು.

ಹಾಗಾದ್ರೆ ಹ್ಯಾಪಿ ಎಂಡಿಂಗ್ ಅಂತೀರಾ? ಇಲ್ಲೇ ಅಸಲಿ ನೋವಿರೋದು. ಕರ್ನ್ಸ್ ಕೇಳಿದ್ದು ದುಡ್ಡನ್ನಷ್ಟೇ ಅಲ್ಲ. ನನ್ನ ಪೇಟೆಂಟ್ ಬಳಸೋದನ್ನ ನಿಲ್ಲಿಸಿ, ನಾನೇ ತಯಾರಿಸಿ ಕೊಡ್ತೀನಿ ಅಂತ ಕೇಳಿದ್ದ. ಕೋರ್ಟು ಅದಕ್ಕೆ ಒಪ್ಪಲಿಲ್ಲ, ಕಾರಣ ಕ್ಯಾಲೆಂಡರ್. ಆಗಿನ ಅಮೆರಿಕದ ಕಾನೂನಲ್ಲಿ ಪೇಟೆಂಟ್‌ನ ಆಯಸ್ಸು ಮಂಜೂರಾದ ದಿನದಿಂದ 17 ವರ್ಷ. 1967ಕ್ಕೆ 17 ಸೇರಿಸಿ, 1984. ಫೋರ್ಡ್ ಮೇಲಿನ ಕೇಸ್ ವಿಚಾರಣೆಗೆ ಬಂದಿದ್ದೇ 1990ರಲ್ಲಿ. ಅವಧಿ ಮುಗಿದ ಪೇಟೆಂಟ್‌ಗೆ ತಡೆಯಾಜ್ಞೆ ಕೊಡೋಕಾಗಲ್ಲ, ಪರಿಹಾರ ಬೇಕಾದ್ರೆ ತಗೋ ಅಂತಾಯ್ತು. ಅವನ ಕಾರ್ಖಾನೆ ಕಾಗದದ ಮೇಲೇ ಉಳೀತು.

ಗೆದ್ದ ದುಡ್ಡಲ್ಲಿ ದೊಡ್ಡ ಪಾಲು ಕೇಸ್ ಖರ್ಚಿಗೇ ಹೋಯ್ತು. ಹೋರಾಟದ ನಡುವೆ ಮದುವೆ ಮುರಿದುಬಿತ್ತು. ಉಳಿದ ಕಂಪನಿಗಳ ಮೇಲಿನ ಕೇಸ್‌ಗಳು ವಜಾ ಆದವು, ಯಾಕಂದ್ರೆ ಒಬ್ಬನೇ ಮನುಷ್ಯನಿಗೆ ಕೋರ್ಟಿನ ಗಡುವುಗಳಿಗೆ ಸರಿಯಾಗಿ ಕಾಗದಪತ್ರ ಸಲ್ಲಿಸೋಕೆ ಆಗಲಿಲ್ಲ. 2005ರಲ್ಲಿ ಅವನು ತೀರಿಕೊಂಡ. 2008ರಲ್ಲಿ ಅವನ ಬಗ್ಗೆ 'ಫ್ಲ್ಯಾಶ್ ಆಫ್ ಜೀನಿಯಸ್' ಅನ್ನೋ ಹಾಲಿವುಡ್ ಸಿನಿಮಾ ಬಂತು.

3 ಕೋಟಿ ಡಾಲರ್ ಬೇಡ ಅಂದಿದ್ದು ಹಠಾನಾ, ಸ್ವಾಭಿಮಾನಾನಾ? ನನ್ನ ಮಟ್ಟಿಗೆ ಎರಡೂ. ಲೆಕ್ಕದ ಪುಸ್ತಕ ಹಿಡ್ಕೊಂಡು ನೋಡಿದ್ರೆ ಫೋರ್ಡ್ ವಿಷಯದಲ್ಲಿ ಅವನಿಗೆ ನಷ್ಟವೇ. ಆದ್ರೆ ರಾಜಿ ಆಗಿದ್ದಿದ್ರೆ ಪೇಟೆಂಟ್ ಉಲ್ಲಂಘನೆ ಆಗಿದೆ ಅನ್ನೋ ವಾಕ್ಯ ಯಾವ ತೀರ್ಪಲ್ಲೂ ಇರ್ತಿರಲಿಲ್ಲ. ಆ ಒಂದು ವಾಕ್ಯಕ್ಕೆ ಅವನು ಬೆಲೆ ಕಟ್ಟಿದ್ದ. ಆ ಬೆಲೆಯಲ್ಲಿ ಅವನ ಮನೆಯವರ ವರ್ಷಗಳೂ ಸೇರಿದ್ದವು ಅನ್ನೋದನ್ನ ಮಾತ್ರ ನಾವು ಮರೀಬಾರದು.

ಇದು ಅಮೆರಿಕದ ಕಥೆ, ನಮಗೇನು ಅನ್ಬೇಡಿ. 2007ರಲ್ಲಿ ಟಿವಿಎಸ್‌ನ ಫ್ಲೇಮ್ ಬೈಕ್ ಬಂದಾಗ, ಎರಡು ಸ್ಪಾರ್ಕ್ ಪ್ಲಗ್ ಇರೋ ಎಂಜಿನ್ ತಂತ್ರಜ್ಞಾನ ನಮ್ಮ ಪೇಟೆಂಟ್ ಅಂತ ಬಜಾಜ್ ಎದ್ದು ನಿಂತಿತು. ಎರಡೂ ಕಂಪನಿಗಳು ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಿದವು. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿದಾಗ, 2009ರಲ್ಲಿ ಕೋರ್ಟು ಒಂದು ಮಾತು ಹೇಳ್ತು: ಪೇಟೆಂಟ್ ಥರದ ಕೇಸ್‌ಗಳನ್ನ ದಿನವೂ ವಿಚಾರಣೆ ಮಾಡಿ, ಸಾಮಾನ್ಯವಾಗಿ ದಾವೆ ಹೂಡಿದ 4 ತಿಂಗಳೊಳಗೆ ತೀರ್ಪು ಕೊಡಬೇಕು. ಆ ಇಬ್ಬರ ಜಗಳ ರಾಜಿಯಲ್ಲಿ ಮುಗಿದಿದ್ದು 2019ರಲ್ಲಿ. ಅವು ದೊಡ್ಡ ಕಂಪನಿಗಳು, ಹನ್ನೆರಡು ವರ್ಷ ತಡ್ಕೊಂಡವು. ಒಬ್ಬಂಟಿ ಆವಿಷ್ಕಾರಕನಿಗೆ ಹನ್ನೆರಡು ವರ್ಷ ಅಂದ್ರೆ ಅರ್ಧ ದುಡಿಮೆಯ ಬದುಕು.

ನಮ್ಮ ಅಕೌಂಟ್ಸ್ ಪುಸ್ತಕದಲ್ಲಿ ಪೇಟೆಂಟ್ ಬರೋದು ಕಣ್ಣಿಗೆ ಕಾಣದ ಆಸ್ತಿ ಅನ್ನೋ ಪಟ್ಟಿಯಲ್ಲಿ, ಗುಡ್‌ವಿಲ್ ಪಕ್ಕದಲ್ಲಿ. ವರ್ಷ ವರ್ಷ ಅದರ ಬೆಲೆ ಇಳಿಸ್ತಾ ಹೋಗ್ಬೇಕು, ಕೊನೆಗೆ ಸೊನ್ನೆ. ಕಾಲೇಜಲ್ಲಿ ಅದು ಬರೀ ಒಂದು ಎಂಟ್ರಿ. ಕರ್ನ್ಸ್ ಕಥೆ ತಿಳಿದ ಮೇಲೆ ಆ ಇಳಿಕೆ ನನಗೆ ಬೇರೆ ಥರ ಕಾಣುತ್ತೆ. ಪೇಟೆಂಟ್ ಅಂದ್ರೆ ಮನೆಗೆ ಹಾಕಿದ ಕಾಂಪೌಂಡ್ ಗೋಡೆ ಅಂತ ನಾವಂದುಕೊಳ್ತೀವಿ. ಅದು ಗೋಡೆ ಅಲ್ಲ, ಗೋಡೆ ಹಾರಿದವರ ಮೇಲೆ ಕೇಸ್ ಹಾಕೋಕೆ ಇರೋ ಹಕ್ಕುಪತ್ರ. ಅದಕ್ಕೂ ಎಕ್ಸ್‌ಪೈರಿ ಡೇಟ್ ಇದೆ.

ನಿಮ್ಮಲ್ಲಿ ಡಿಪ್ಲೊಮಾ ಓದ್ತಿರೋರು, ಗ್ಯಾರೇಜಲ್ಲಿ ಕೆಲಸ ಮಾಡ್ತಾ ಏನೋ ಹೊಸದು ಜೋಡಿಸ್ತಿರೋರು ಇದ್ದೀರಿ ಅಂತ ನಿಮ್ಮ ಮೆಸೇಜ್‌ಗಳಿಂದ ಗೊತ್ತು. ನಿಮಗೊಂದು ಮಾತು. ಭಾರತದಲ್ಲಿ ಪೇಟೆಂಟ್‌ನ ಆಯಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ಕರ್ನಾಟಕದವರು ಅರ್ಜಿ ಹಾಕೋದು ಚೆನ್ನೈ ಪೇಟೆಂಟ್ ಕಚೇರಿ ವ್ಯಾಪ್ತಿಯಲ್ಲಿ, ಆನ್‌ಲೈನಲ್ಲೂ ಹಾಕಬಹುದು. ಕೆಲಸ ಪೂರ್ತಿ ಮುಗಿದಿಲ್ಲ ಅಂದ್ರೆ ಮೊದಲು ಪ್ರಾವಿಷನಲ್ ಅರ್ಜಿ ಕೊಟ್ಟು ದಿನಾಂಕ ಹಿಡ್ಕೊಳ್ಳಿ, ಪೂರ್ತಿ ವಿವರ ಕೊಡೋಕೆ 12 ತಿಂಗಳು ಟೈಮಿದೆ. ವಿಡಿಯೋ ಮಾಡಿ ಹಾಕೋದಕ್ಕೆ ಮುಂಚೆ, ಯಾವುದೇ ಕಂಪನಿಗೆ ತೋರಿಸೋದಕ್ಕೆ ಮುಂಚೆ ಆ ದಿನಾಂಕ ನಿಮ್ಮ ಕೈಲಿರಲಿ.

ಮುಂದಿನ ವಾರ ಸಿಗೋಣ. ಅಲ್ಲಿ ತನಕ ಮಳೆಯಲ್ಲಿ ಗಾಡಿ ನಿಧಾನಕ್ಕೆ ಓಡಿಸಿ.