‘ಫೈನಲ್ ಫೈನಲ್ 2’: ಪ್ರಾಜೆಕ್ಟ್ ಕಾಪಿಗಳ ಇತಿಹಾಸ

1/5
ನಿಮ್ಮ ಲ್ಯಾಪ್‌ಟಾಪಲ್ಲಿ ‘ಪ್ರಾಜೆಕ್ಟ್’, ‘ಪ್ರಾಜೆಕ್ಟ್ ಫೈನಲ್’, ‘ಫೈನಲ್ ಫೈನಲ್ 2’ ಅಂತ ಮೂರು ಫೋಲ್ಡರ್ ಉಂಟಾ? ಬಿಸಿಎದವರದ್ದು ಮಾತ್ರ ಅಲ್ಲ, ನಾವು ಬಿಕಾಂನವರದ್ದೂ ಇದೇ ಕಥೆ. ಯಾವುದು ಸರಿಯಾದ ಕಾಪಿ? ಈ ಪ್ರಶ್ನೆಗೆ 50 ವರ್ಷದ ಇತಿಹಾಸ ಉಂಟು ಮಾರ್ರೆ.

2/5
1972, ಅಮೆರಿಕದ ಬೆಲ್ ಲ್ಯಾಬ್ಸ್. ಮಾರ್ಕ್ ರಾಕ್‌ಕೈಂಡ್ ಎಂಬವರು ‘ಎಸ್‌ಸಿಸಿಎಸ್’ ಅಂತ ಒಂದು ಪ್ರೋಗ್ರಾಂ ಬರೆದರು. ಇಡೀ ಫೈಲನ್ನು ಮತ್ತೆ ಮತ್ತೆ ಕಾಪಿ ಮಾಡುವುದಿಲ್ಲ. ಏನು ಬದಲಾಯ್ತು, ಯಾರು, ಯಾವಾಗ, ಯಾಕೆ ಬದಲಾಯಿಸಿದ್ರು, ಅಷ್ಟನ್ನು ಬರೆದಿಡುವುದು. ನಮಗೆ ಇದು ಗೊತ್ತಿರುವ ಪಾಠವೇ. ಲೆಡ್ಜರಲ್ಲಿ ತಪ್ಪು ಎಂಟ್ರಿ ಅಳಿಸ್ಲಿಕ್ಕಿಲ್ಲ, ಸರಿ ಮಾಡುವ ಇನ್ನೊಂದು ಎಂಟ್ರಿ ಹಾಕಬೇಕು. ಹಳೆಯದು ಕಾಣ್ತಾ ಇರಬೇಕು.

3/5
ಆದರೆ ಒಬ್ಬರು ಫೈಲ್ ತೆಗೆದುಕೊಂಡರೆ ಉಳಿದವರು ಕಾಯಬೇಕಿತ್ತು. ಆಮ್ಸ್ಟರ್‌ಡಾಮಿನ ಮೇಷ್ಟ್ರು ಡಿಕ್ ಗ್ರೂನ್, ಅವರ ಇಬ್ಬರು ವಿದ್ಯಾರ್ಥಿಗಳು ಸೇರಿ ಒಂದು ಕಂಪೈಲರ್ ಮಾಡ್ತಿದ್ರು. ಒಬ್ಬನದ್ದು ಆಫೀಸ್ ಟೈಮ್, ಇನ್ನೊಬ್ಬನಿಗೆ ಇಂಥದ್ದೇ ಟೈಮ್ ಅಂತ ಇಲ್ಲ, ಮೇಷ್ಟ್ರಿಗೆ ಸಂಜೆ ಮಾತ್ರ ಪುರುಸೊತ್ತು. ನಮ್ಮ ಗ್ರೂಪ್ ಪ್ರಾಜೆಕ್ಟ್ ಹಾಗೇ! ಎಲ್ಲರೂ ಅವರವರ ಕಾಪಿಯಲ್ಲಿ ಕೆಲಸ ಮಾಡಿ ಮತ್ತೆ ಒಟ್ಟು ಸೇರಿಸುವ ‘ಸಿವಿಎಸ್’ ಹುಟ್ಟಿದ್ದು ಅದರಿಂದ. 1986ರಲ್ಲಿ ಅದನ್ನು ಎಲ್ಲರಿಗೂ ಕೊಟ್ಟರು. ಮುಂದೆ ಇದು ಸರ್ವರ್ ಇಟ್ಟು ನಡೆಯಿತು. ಕಾಪಿ ನಿಮ್ಮ ಕೈಯಲ್ಲಿ, ಹಳೆಯ ಇತಿಹಾಸ ಎಲ್ಲ ಆ ಒಂದು ಸರ್ವರಲ್ಲಿ.

4/5
2002ರಿಂದ ಲಿನಕ್ಸ್ ತಂಡ ‘ಬಿಟ್‌ಕೀಪರ್’ ಎಂಬ ಕಂಪನಿ ಸಾಫ್ಟ್‌ವೇರನ್ನು ಪುಕ್ಕಟೆ ಬಳಸ್ತಿತ್ತು. 2005ರಲ್ಲಿ ಆ ಪುಕ್ಕಟೆ ನಿಂತಿತು. ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್ 3ಕ್ಕೆ ‘ಗಿಟ್’ ಬರೆಯಲು ಕೂತರು. ಏಪ್ರಿಲ್ 7ಕ್ಕೆ ಗಿಟ್ ತನ್ನದೇ ಕೋಡನ್ನು ತಾನೇ ಕಾಪಾಡ್ತಿತ್ತು.

ಗಿಟ್‌ನಲ್ಲಿ ನಿಮ್ಮ ಕಾಪಿಯೊಳಗೇ ಪೂರ್ತಿ ಇತಿಹಾಸ ಇರ್ತದೆ. 2021ರ ಮಳೆಗಾಲದಲ್ಲಿ, ನಮ್ಮ ಸುಳ್ಯ ತಾಲೂಕಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದ ಫೋಟೋ ನೆನಪುಂಟಲ್ಲ? ನೆಟ್‌ವರ್ಕ್ ಅಂದ್ರೆ ಎಂತ ಅಂತ ಪುತ್ತೂರು, ಸುಳ್ಯ, ಕಡಬದವರಿಗೆ ಯಾರೂ ಹೇಳಿಕೊಡುವುದು ಬೇಡ. ಗಿಟ್ ಇದ್ದರೆ ಮನೆಯಲ್ಲೇ ಕೆಲಸ ಮುಗಿಸಿ, ಕಳಿಸ್ಲಿಕ್ಕೆ ಮಾತ್ರ ಗುಡ್ಡ ಹತ್ತಿದ್ರೆ ಸಾಕು.

5/5
2015ರಲ್ಲಿ ಗಿಟ್‌ಗೆ ‘ವರ್ಕ್‌ಟ್ರೀ’ ಬಂತು. ಹೊಸ ಕೆಲಸ ಅರ್ಧ ಆಗಿರುವಾಗ ಹಳೆಯದರಲ್ಲಿ ಅರ್ಜೆಂಟ್ ತಪ್ಪು ಸಿಕ್ತು ಅಂತ ಇಟ್ಕೊಳ್ಳಿ. ಇಡೀ ಪ್ರಾಜೆಕ್ಟನ್ನು ಇನ್ನೊಮ್ಮೆ ಕಾಪಿ ಮಾಡುವುದು ಬೇಡ. ಇತಿಹಾಸ ಒಂದೇ, ಫೋಲ್ಡರ್ ಎರಡು, ಒಂದೊಂದರಲ್ಲಿ ಒಂದೊಂದು ಕೆಲಸ. ಹಳೆಯದನ್ನು ಸರಿ ಮಾಡಿ ಆ ಫೋಲ್ಡರ್ ತೆಗೆದ್ರೂ ಕಮಿಟ್ ಮಾಡಿದ್ದು ಹೋಗುವುದಿಲ್ಲ.

ಇದು ಕೋಡಿಗೆ ಮಾತ್ರ ಅಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. 1.5 ಲಕ್ಷಕ್ಕೂ ಹೆಚ್ಚು ಪದ. ಡೇಟಾ ಗಿಟ್‌ಹಬ್‌ನಲ್ಲಿ ಉಂಟು, ಯಾರೂ ಇಳಿಸಿಕೊಳ್ಳಬಹುದು. ಇಷ್ಟು ದೊಡ್ಡ ಕೆಲಸ ಒಂದೇ ಕಂಪ್ಯೂಟರಲ್ಲಿ ಉಳಿದಿದ್ದರೆ? ಒಂದು ಸಿಡಿಲು ಸಾಕಿತ್ತು.

ನಿಮ್ಮ ಗ್ರೂಪ್ ಪ್ರಾಜೆಕ್ಟ್ ಈಗ ಯಾರ ಲ್ಯಾಪ್‌ಟಾಪಲ್ಲಿ ಉಂಟು? ಒಬ್ಬರದ್ದರಲ್ಲಿ ಮಾತ್ರವಾ? ಆ ಫ್ರೆಂಡನ್ನು ಕಮೆಂಟಲ್ಲಿ ಟ್ಯಾಗ್ ಮಾಡಿ 😅

#ಪುತ್ತೂರು #ಸುಳ್ಯ #ಕಡಬ #ಕನ್ನಡದಲ್ಲಿಟೆಕ್